ಸೋರಿಕೆ ಸೊನ್ನೆ

ಸಮುದ್ರದ ತಳಕ್ಕೆ ಬೀಗ ಹಾಕಲು ಬರುತ್ತದೆಯೇ ಎಂದು ಯಾರಾದರೂ ಕೇಳಿದರೆ ನಾವು ನೀವು ನಕ್ಕುಬಿಡುತ್ತೇವೆ. ವಿಶಾಲಾಕ್ಷಿ ಮೆಂಡನ್ ನಗಲಿಲ್ಲ. ಹನ್ನೆರಡು ವರ್ಷ ಅದೇ ಗುಂಗಿನಲ್ಲಿ ಕಳೆದು, ನಲವತ್ತೆಂಟನೆಯ ವಯಸ್ಸಿಗೆ ಬೀಗ ಹಾಕಿಯೂ ಬಿಟ್ಟಳು. ಈಗ ಪೆರಿಯಪಾರ ದ್ವೀಪದ ನಿಯಂತ್ರಣ ಕೊಠಡಿಯಲ್ಲಿ ಕಾಲು ಚಾಚಿ ಕೂತು, ಪರದೆಯ ಮೇಲೆ ಹಸಿರಾಗಿ ಹೊಳೆಯುತ್ತಿದ್ದ ಎರಡು ಪದಗಳನ್ನು ಹೆತ್ತ ತಾಯಿಯ ಹೆಮ್ಮೆಯಿಂದ ನೋಡುತ್ತಿದ್ದಳು: ‘ಸೋರಿಕೆ: ಸೊನ್ನೆ’. ಹದಿನಾಲ್ಕು ತಿಂಗಳಿಂದ ಆ ಸೊನ್ನೆ ಕದಲಿರಲಿಲ್ಲ.

ಪೆರಿಯಪಾರ ಮಂಗಳೂರಿನಿಂದ ಹಡಗಿನಲ್ಲಿ ಒಂದು ಹಗಲಿನ ದಾರಿ. ಉದ್ದಕ್ಕೆ ನಡೆದರೆ ಮುಕ್ಕಾಲು ಗಂಟೆ. ಅಡ್ಡಕ್ಕೆ ನಡೆದರೆ ಎತ್ತಿದ ಮಾತು ಮುಗಿಯುವುದರೊಳಗೆ ಇನ್ನೊಂದು ಕಡಲು ಬಂದುಬಿಡುತ್ತದೆ. ಪಶ್ಚಿಮಕ್ಕೆ ಹವಳದ ದಿಬ್ಬವೊಂದು ಕಮಾನಿನಂತೆ ಬಾಗಿ ದೊಡ್ಡ ತೆರೆಗಳನ್ನು ಹೊರಗೇ ತಡೆಯುತ್ತದೆ. ದಿಬ್ಬಕ್ಕೂ ದಡಕ್ಕೂ ನಡುವೆ ಉಳಿದ ಆಳವಿಲ್ಲದ ತಿಳಿನೀರೇ ಲಗೂನು. ದ್ವೀಪದವರಿಗೆ ಅದು ಅಂಗಳವೂ ಹೌದು, ಅಡುಗೆಮನೆಯೂ ಹೌದು.

ಇಪ್ಪತ್ತು ವರ್ಷಗಳ ಹಿಂದೆ ಈ ಲಗೂನು ಸಾಯಲು ಹೊರಟಿತ್ತು. ಜನ ಹೆಚ್ಚಿದ್ದರು, ಕೊಳೆಗುಂಡಿಗಳು ಹೆಚ್ಚಿದ್ದವು, ಕಡಲೂ ಬಿಸಿಯೇರಿತ್ತು. ಹವಳದ ಮೇಲೆಲ್ಲ ಕಂಬಳಿ ಹೊದೆಸಿದ ಹಾಗೆ ಪಾಚಿ ಬೆಳೆಯಿತು. ಅದಕ್ಕೆ ಗೊಬ್ಬರ ಎಲ್ಲಿಂದ ಬರುತ್ತದೆ ಎಂದು ಹುಡುಕುತ್ತ ಹೋದವಳು ವಿಶಾಲಾಕ್ಷಿ. ಉತ್ತರ ಕಾಲಡಿಯ ಮರಳಿನಲ್ಲೇ ಇತ್ತು. ಮೀನಿನ ಹಿಕ್ಕೆ, ಕೊಳೆತ ಕಡಲಹುಲ್ಲು, ಹವಳದ ಲೋಳೆ, ಊರಿನ ಕೊಳೆ, ಎಲ್ಲವೂ ಕೊನೆಗೆ ಮರಳಿಗೆ ಇಳಿಯುತ್ತವೆ. ಮರಳೊಳಗಿನ ಸೂಕ್ಷ್ಮಜೀವಿಗಳು ಅವನ್ನು ಅರಗಿಸಿ ಅಮೋನಿಯಾ, ಫಾಸ್ಫೇಟುಗಳಾಗಿ ಮಾಡುತ್ತವೆ. ಮರಳಿನ ಮೇಲ್ಪದರದಲ್ಲಿ ಆಮ್ಲಜನಕ ಇರುವವರೆಗೆ ಈ ಗೊಬ್ಬರ ಬಹುಮಟ್ಟಿಗೆ ಅಲ್ಲೇ ತೆಪ್ಪಗಿರುತ್ತದೆ. ಕತ್ತಲಾಗಿ ಆಮ್ಲಜನಕ ಕಡಿಮೆಯಾಯಿತೋ, ಎದ್ದು ನೀರಿಗೆ ಬರುತ್ತದೆ.

ಹಾಗಾದರೆ ಆಮ್ಲಜನಕ ಕಡಿಮೆಯಾಗದಂತೆ ನೋಡಿಕೊಂಡರಾಯಿತಲ್ಲ! ವಿಶಾಲಾಕ್ಷಿ ‘ಉಸಿರುನೂಲು’ ಕಂಡುಹಿಡಿದಳು. ಕೂದಲಿಗಿಂತ ತೆಳುವಾದ ನೂಲು. ಸಣ್ಣ ವಿದ್ಯುತ್ ಹರಿಸಿದರೆ ನೀರನ್ನೇ ಒಡೆದು ಆಮ್ಲಜನಕ ಕೊಡುತ್ತದೆ. ಲಗೂನಿನ ಮರಳಿಗೆಲ್ಲ ಅದನ್ನು ನೇಯ್ದಳು. ಗೊಬ್ಬರ ಒಳಗೇ ಉಳಿಯಿತು, ಪಾಚಿ ಸತ್ತಿತು, ಹವಳ ಚಿಗುರಿತು. ಈಗ ಇನ್ನೂ ಒಂಬತ್ತು ದ್ವೀಪಗಳ ಲಗೂನುಗಳಲ್ಲಿ ನೂಲು ನೇಯುವ ಯೋಜನೆ ತಯಾರಾಗಿತ್ತು. ಉಳಿದಿದ್ದದ್ದು ಅವಳ ಒಂದು ಸಹಿ.

“ಮೇಡಂ, ಹತ್ತು ದಿನ ಉಂಟು ಅಷ್ಟೆ,” ಎಂದರು ಮಂಗಳೂರು ಕೇಂದ್ರದ ನಿರ್ದೇಶಕ ಅನಂತ ಕುಡ್ವರು, ಪರದೆಯ ಮೂಲೆಯಲ್ಲಿ ಮೂಡಿ. “‘ಲಗೂನು ಆರೋಗ್ಯವಾಗಿದೆ’ ಅಂತ ಒಂದು ಸಾಲು ಬರೆದು ಸಹಿ ಹಾಕಿ ಕಳಿಸಿ. ಮಿಕ್ಕದ್ದು ನಾನು ನೋಡಿಕೊಳ್ತೇನೆ.”

“ಇವತ್ತೇ ಕಳಿಸಿಬಿಡ್ತೇನೆ ಸಾರ್. ಊಟ ಮಾಡಿ ಬಂದವಳೇ.”

ಊಟ ಎಂದರೆ ಸಾರೋಂಬಿಯ ಮನೆಯ ಊಟ. ವಿಶಾಲಾಕ್ಷಿ ಮೂರು ವರ್ಷದಿಂದ ಆ ಮನೆಯ ಹೊರಕೋಣೆಯಲ್ಲಿ ಬಾಡಿಗೆಗಿದ್ದಳು. ಸಾರೋಂಬಿಗೆ ಅರವತ್ತೆಂಟು. ಮದುವೆಗೆ ಮುಂಚೆ ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ನಾಲ್ಕು ವರ್ಷ ನರ್ಸಾಗಿದ್ದು, ಅಲ್ಲಿನ ಕನ್ನಡವನ್ನೂ ರೋಗಿಗಳನ್ನು ಗದರಿಸುವ ಚಾಳಿಯನ್ನೂ ಜೊತೆಗೇ ಕಟ್ಟಿಕೊಂಡು ಬಂದವಳು. ರೋಗಿಗಳು ‘ಸಿಸ್ಟರ್’ ಎನ್ನುತ್ತಿದ್ದರು; ವಿಶಾಲಾಕ್ಷಿ ಅದಕ್ಕೊಂದು ಅಕ್ಕ ಸೇರಿಸಿ ‘ಸಿಸ್ಟರಕ್ಕ’ ಮಾಡಿದ್ದಳು.

ಆ ದ್ವೀಪದಲ್ಲಿ ಮನೆ ಹೆಂಗಸಿನದು. ಹಳೆಯ ಪದ್ಧತಿಯಂತೆ ಮದುವೆಯಾದರೂ ಗಂಡ ತನ್ನ ತಾಯಿಯ ಮನೆಯಲ್ಲೇ, ತಾಯಿಯ ನಂತರ ಅಕ್ಕತಂಗಿಯರ ಮನೆಯಲ್ಲೇ ಇರುತ್ತಾನೆ. ಸಂಜೆ ಹೆಂಡತಿಯ ಮನೆಗೆ ಬರುತ್ತಾನೆ, ಬೆಳಕು ಹರಿಯುವ ಮುಂಚೆ ಹೊರಟುಹೋಗುತ್ತಾನೆ. ಊರವರೆಲ್ಲ ಇದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಸಾರೋಂಬಿ ಮತ್ತವಳ ಗಂಡ ಚೆರಿಯಕೋಯ ಮಾತ್ರ ನಲವತ್ತನಾಲ್ಕು ವರ್ಷದಿಂದ ಹಾಗೇ ನಡೆಸಿಕೊಂಡು ಬಂದಿದ್ದರು. ಯಾಕೆ ಎಂದು ಕೇಳಿದರೆ, “ಹಗಲೂ ಇದ್ದರೆ ಜಗಳ ಆಗ್ತದೆ ಮಾರಾಯ್ತಿ. ಹೀಗಾದ್ರೆ ಅವರು ಬರುವಾಗ ಪ್ರತಿ ದಿನ ಖುಷಿ,” ಎಂದು ಸಾರೋಂಬಿ ಹೇಳುತ್ತಿದ್ದಳು. ಹೇಳುವಾಗ ಅವಳ ಮುಖ ಕೆಂಪಗಾಗುತ್ತಿತ್ತು, ಅರವತ್ತೆಂಟರಲ್ಲೂ.

ಅವತ್ತು ಬಟ್ಟಲಿಗೆ ಬಂದದ್ದು ತೆಂಗಿನಕಾಯಿ ಹಾಕಿದ ಬಸಳೆ. ಮೀನಿಲ್ಲ. ಮೊಗವೀರರ ಮನೆಯ ಹೆಣ್ಣು ವಿಶಾಲಾಕ್ಷಿ. ಮೀನಿಲ್ಲದ ಊಟ ಅವಳಿಗೆ ಊಟವೇ ಅಲ್ಲ.

“ಎಂತ ಸಿಸ್ಟರಕ್ಕ, ಕೋಯಾಕ ಈಗ ಮೀನು ತರುದಿಲ್ವಾ?” ಎಂದು ಕೇಳಿದಳು. ಊರವರಂತೆ ಅವಳಿಗೂ ಚೆರಿಯಕೋಯ ‘ಕೋಯಾಕ’.

“ಮೀನಲ್ಲ, ಅವರೇ ಬರುದಿಲ್ಲ. ಇವತ್ತಿಗೆ ಐದು ದಿನ,” ಎಂದಳು ಸಾರೋಂಬಿ ಪಾತ್ರೆಯ ಕಡೆ ನೋಡುತ್ತ. “ಮದುವೆ ಆದ ದಿನದಿಂದ ಒಂದಾದರೂ ಮೀನು ಹಿಡಿದುಕೊಂಡೇ ಬಂದ ಮನುಷ್ಯ. ಮೂರು ವಾರ ಬರಿಗೈಯಲ್ಲಿ ಬಂದ್ರು, ಬಾಗಿಲಲ್ಲೇ ನಿಂತು ನೆಲ ನೋಡುದು. ನಾನೆಂತ ಮೀನಿಗಾಗಿ ಕಟ್ಟಿಕೊಂಡವಳಾ? ಆದ್ರೆ ಅವರಿಗೆ ನಾಚಿಕೆ. ಈಗ ಬರುದೇ ನಿಲ್ಲಿಸಿದ್ರು.”

“ಹುಷಾರಿಲ್ಲವೋ ಏನೋ.”

“ನಾನು ನರ್ಸ್. ಹುಷಾರಿಲ್ಲದಿದ್ರೆ ನನಗೆ ಗೊತ್ತಾಗ್ತದೆ,” ಎಂದು ಸಾರೋಂಬಿ ಬಿರಬಿರನೆ ಒಳಗೆ ಹೋದಳು. ಒಳಗಿಂದ ಬಹಳ ಹೊತ್ತು ಪಾತ್ರೆ ತೊಳೆಯುವ ಸದ್ದು ಬರುತ್ತಿತ್ತು, ಇದ್ದದ್ದು ಎರಡೇ ಪಾತ್ರೆಯಾದರೂ. ವಿಶಾಲಾಕ್ಷಿ ಬಸಳೆಯನ್ನು ಅರ್ಧಕ್ಕೇ ಬಿಟ್ಟು ಎದ್ದಳು. ಅವತ್ತು ಸಹಿ ಕಳಿಸಲಿಲ್ಲ.

ಮರುದಿನ ಬೆಳಿಗ್ಗೆ ಜೆಟ್ಟಿಗೆ ಹೋದಳು. ಚೆರಿಯಕೋಯ ತನ್ನ ದೋಣಿಯ ಅಂಚಿನಲ್ಲಿ ಕೂತು, ಒಣಗಿದ ಬಲೆಯನ್ನು ಬಿಚ್ಚಿ ಮತ್ತೆ ಮಡಚುತ್ತಿದ್ದ. ಎಪ್ಪತ್ತೆರಡರ ಗಟ್ಟಿ ಆಳು. ಪ್ರಾಯದಲ್ಲಿ ಮಂಗಳೂರಿನ ದಕ್ಕೆಗೆ ಸರಕಿನ ದೋಣಿ ನಡೆಸಿ ಕನ್ನಡ ಕಲಿತವನು.

“ಡಾಕ್ಟ್ರಮ್ಮ, ನಿಮ್ಮ ನೀರು ಭಾರೀ ಚೆಂದ ಉಂಟು,” ಎಂದ. ಮಾತಿನಲ್ಲಿ ಕೊಂಕಿರಲಿಲ್ಲ, ಅದೇ ಅವಳಿಗೆ ಹೆಚ್ಚು ನಾಟಿತು. “ಬಾಟ್ಲಿ ನೀರಿನ ಹಾಗೆ. ಆದ್ರೆ ಬಾಟ್ಲಿಯಲ್ಲಿ ಮೀನು ಹುಟ್ಟುದಿಲ್ಲ.”

ಆ ದ್ವೀಪದ ಟ್ಯೂನಾ ಬೇಟೆ ಬಲೆಯದಲ್ಲ. ಮೊದಲು ಲಗೂನಿನಲ್ಲಿ ಬೆರಳುದ್ದದ ಎರೆಮೀನನ್ನು ಸಣ್ಣ ಬಲೆಯಿಂದ ಜೀವಂತ ಹಿಡಿದು ದೋಣಿಯ ತೊಟ್ಟಿಗೆ ತುಂಬಿಕೊಳ್ಳಬೇಕು. ಹೊರಗಡಲಲ್ಲಿ ಟ್ಯೂನಾ ಹಿಂಡು ಕಂಡಲ್ಲಿ ಅದನ್ನು ಎರಚಬೇಕು. ಹಿಂಡು ಹುಚ್ಚೆದ್ದು ಮೇಲೆ ಬಂದಾಗ ಹನ್ನೊಂದು ಜನ ಸಾಲಾಗಿ ಕೂತು ಗಳದ ಗಾಳದಿಂದ ಒಂದೊಂದನ್ನೇ ಎತ್ತಿ ದೋಣಿಗೆ ಹಾಕಬೇಕು. ಎರೆಮೀನಿಲ್ಲದಿದ್ದರೆ ಇದು ಯಾವುದೂ ಇಲ್ಲ.

“ಎಷ್ಟು ದಿನದಿಂದ ಇಲ್ಲ ಕೋಯಾಕ?”

“ಹೋದ ವರ್ಷ ಅರ್ಧ ಆಯ್ತು. ಈ ಮಳೆಗಾಲ ಕಳೆದ ಮೇಲೆ ಒಂದು ಮುಷ್ಟಿ ಸಿಕ್ಕಿಲ್ಲ. ಎರಡು ತಿಂಗಳು ನೋಡ್ತೇವೆ. ಆಮೇಲೆ ದೋಣಿ ಎಳೆದು ಮೇಲೆ ಹಾಕುದು. ಜನ ಹಡಗಿನ ಕೆಲಸಕ್ಕೆ ಹೋಗ್ತಾರಂತೆ.”

“ನನಗೆ ಯಾಕೆ ಮೊದಲೇ ಹೇಳಲಿಲ್ಲ?”

ಅವನು ಬಲೆಯ ಗಂಟೊಂದನ್ನು ಬಿಡಿಸಿದ. “ನೀವು ಹವಳ ಬದುಕಿಸಿದವರು. ನಿಮಗೆ ಹೇಗೆ ಹೇಳುದು?”

ವಿಶಾಲಾಕ್ಷಿ ಲಗೂನಿನ ನೀರಿನ ಮಾದರಿ ತೆಗೆದುಕೊಂಡು ಕೊಠಡಿಗೆ ಮರಳಿ ಸೂಕ್ಷ್ಮದರ್ಶಕದಡಿ ಇಟ್ಟಳು. ಎರೆಮೀನಿನ ಆಹಾರ ಕಣ್ಣಿಗೆ ಕಾಣದ ತೇಲುಜೀವಿಗಳು. ಸಾಮಾನ್ಯವಾಗಿ ಒಂದು ಹನಿಯಲ್ಲಿ ಸಂತೆಯೇ ನೆರೆದಿರುತ್ತದೆ. ಇಲ್ಲಿ ಒಂದೆರಡು ಬಡಕಲು ಜೀವಿಗಳು ದಿಕ್ಕೆಟ್ಟು ತಿರುಗುತ್ತಿದ್ದವು. ನೀರು ಶುದ್ಧವಾದದ್ದಲ್ಲ, ಗೊಬ್ಬರ ಸಿಗದೆ ಉಪವಾಸ ಬಿದ್ದಿತ್ತು. ಆದರೆ ನೂಲು ನಿಲ್ಲಿಸಿದರೆ ಸೋರಿಕೆ, ಸೋರಿಕೆಯಾದರೆ ಪಾಚಿ, ಪಾಚಿಯಾದರೆ ಹವಳದ ಸಾವು. ಯಾವ ಕಡೆಯಿಂದ ಲೆಕ್ಕ ಹಾಕಿದರೂ ಇಲ್ಲಿಗೇ ಬಂದು ನಿಲ್ಲುತ್ತಿತ್ತು.

ಸಂಜೆ ಚಹಾ ಕುಡಿಯುತ್ತ ತಲೆ ಕೆಟ್ಟು ಎಲ್ಲವನ್ನೂ ಸಾರೋಂಬಿಯ ಮುಂದೆ ಸುರಿದಳು. ಸಾರೋಂಬಿ ರೋಗಿಯ ಹಳೆಯ ಚೀಟಿ ಓದುವವಳ ಹಾಗೆ ಹುಬ್ಬು ಗಂಟಿಕ್ಕಿ ಕೇಳಿದಳು.

“ತಡಿ. ರಾತ್ರಿ ಆದ್ರೆ ಮರಳಿಂದ ಆ ಗೊಬ್ಬರ ಮೇಲೆ ಬರ್ತದೆ. ಹೌದಾ?”

“ಹೌದು.”

“ಬೆಳಿಗ್ಗೆ ಆದ ಮೇಲೆ?”

“ಬಿಸಿಲು ಬಿದ್ದರೆ ಮರಳಿನ ಮೇಲೆ ಒಂದು ಕಂದು ಪೊರೆ ಬೆಳೀತದೆ, ಅತೀ ಸಣ್ಣ ಸಸ್ಯಗಳು. ಅವು ನೀರಿನಲ್ಲಿದ್ದದ್ದನ್ನು ಹೀರಿಕೊಳ್ತವೆ. ಆಮ್ಲಜನಕವನ್ನೂ ಬಿಡ್ತವೆ. ಹಾಗಾಗಿ ಹಗಲು ಸೋರಿಕೆ ಇರುದಿಲ್ಲ.”

“ಅಂದ್ರೆ ರಾತ್ರಿ ಬರ್ತದೆ, ಬೆಳಿಗ್ಗೆ ವಾಪಸ್ ಹೋಗ್ತದೆ.”

“ಹಾಗೇ ಅಂತಿಟ್ಟುಕೊಳ್ಳಿ.”

ಸಾರೋಂಬಿ ಲೋಟ ಕೆಳಗಿಟ್ಟಳು. “ನಲವತ್ನಾಲ್ಕು ವರ್ಷ ನನ್ನ ಗಂಡ ರಾತ್ರಿ ಬಂದು ಬೆಳಿಗ್ಗೆ ಹೋದ್ರು. ಅದನ್ನು ಯಾರೂ ಸೋರಿಕೆ ಅಂತ ಹೇಳ್ಲಿಲ್ಲ, ಸಂಸಾರ ಅಂತ ಹೇಳಿದ್ರು. ನೀನು ಬಾಗಿಲಿಗೆ ಬೀಗ ಹಾಕಿ ಕೂತಿದ್ದಿ ವಿಶಾಲಾ. ಆಮೇಲೆ ಮಕ್ಕಳು ಯಾಕೆ ಆಗ್ಲಿಲ್ಲ ಅಂತ ಕೇಳ್ತಿ!”

ವಿಶಾಲಾಕ್ಷಿ ಚಹಾ ನೆತ್ತಿಗೇರಿ ಕೆಮ್ಮಿದಳು, ಕೆಮ್ಮುತ್ತ ನಕ್ಕಳು, ನಗುತ್ತಿದ್ದವಳು ಹಾಗೇ ನಿಂತುಬಿಟ್ಟಳು. ವಾಪಸ್ ಹೋಗುವುದು ಎಷ್ಟು? ಅಳತೆಯಲ್ಲಿ ಅದನ್ನು ಅವಳು ಎಂದೂ ಕಂಡಿರಲಿಲ್ಲ. ಯಾಕೆ ಕಂಡಿರಲಿಲ್ಲ? ಚಪ್ಪಲಿ ಮೆಟ್ಟಿಕೊಂಡು ಕೊಠಡಿಗೆ ಓಡಿದಳು.

ಮರಳಿನ ಮೇಲೆ ಅಲ್ಲಲ್ಲಿ ಗಾಜಿನ ಗುಮ್ಮಟಗಳನ್ನು ಬೋರಲು ಹಾಕಿಟ್ಟಿದ್ದರು. ಒಳಗಿನ ನೀರಿಗೆ ಗಂಟೆಗೆಷ್ಟು ಗೊಬ್ಬರ ಸೇರಿತು ಎಂದು ಅವು ಅಳೆಯುತ್ತವೆ. ನೂಲು ನೇಯುವ ಮೊದಲಿನ ಎರಡು ವರ್ಷಗಳ ಅಂಕಿಗಳನ್ನು ತೆಗೆದಳು. ರಾತ್ರಿಗಳಲ್ಲಿ ದೊಡ್ಡ ದೊಡ್ಡ ಸಂಖ್ಯೆ. ಹಗಲುಗಳಲ್ಲಿ ಸೊನ್ನೆ, ಸೊನ್ನೆ, ಸೊನ್ನೆ. ಪ್ರಕೃತಿಯಲ್ಲಿ ಇಷ್ಟು ಶಿಸ್ತಿನ ಸೊನ್ನೆ ಎಲ್ಲಿರುತ್ತದೆ?

ಯಂತ್ರಕ್ಕೆ ಕೊಟ್ಟ ಸೂಚನೆಗಳನ್ನು ಒಂದೊಂದಾಗಿ ಓದುತ್ತ ಹೋದಳು. ಹನ್ನೊಂದನೆಯ ಸಾಲಿನಲ್ಲಿ ಸಿಕ್ಕಿತು: ‘ಸೋರಿಕೆಯು ಸೊನ್ನೆಗಿಂತ ಕಡಿಮೆ ಬಂದರೆ ಅದು ಉಪಕರಣದ ದೋಷ, ಸೊನ್ನೆ ಎಂದು ಬರೆ.’ ಕೆಳಗೆ ಬರೆದವರ ಹೆಸರು. ವಿ. ಮೆಂಡನ್.

ಹನ್ನೆರಡು ವರ್ಷಗಳ ಹಿಂದೆ ಅದಕ್ಕೆ ಸೋರಿಕೆ ಎಂದು ಹೆಸರಿಟ್ಟವಳು ಅವಳೇ. ಒಮ್ಮೆ ಸೋರಿಕೆ ಎಂದಮೇಲೆ, ಸೊನ್ನೆಗಿಂತ ಕಡಿಮೆ ಸೋರುವುದು ಹೇಗೆ? ಸೋರುವ ನಲ್ಲಿ ನೀರನ್ನು ವಾಪಸ್ ಎಳೆದುಕೊಳ್ಳುತ್ತದೆಯೇ? ಆ ಸಾಲಿನಂತೆ, ಮರಳು ವಾಪಸ್ ತೆಗೆದುಕೊಂಡದ್ದನ್ನೆಲ್ಲ ಯಂತ್ರ ಪ್ರಾಮಾಣಿಕವಾಗಿ ಅಳಿಸುತ್ತ ಬಂದಿತ್ತು. ಹೆಸರು ತಪ್ಪಿದ್ದಕ್ಕೆ ಅರ್ಧ ಸಮುದ್ರ ಅವಳ ಕಣ್ಣಿಗೆ ಬೀಳಲೇ ಇಲ್ಲ.

ಪುಣ್ಯಕ್ಕೆ ಮೂಲ ಅಂಕಿಗಳು ಯಂತ್ರದ ಉಗ್ರಾಣದಲ್ಲಿ ಹಾಗೇ ಇದ್ದವು. ಹನ್ನೊಂದನೆಯ ಸಾಲು ತೆಗೆದುಹಾಕಿ ಮತ್ತೆ ಲೆಕ್ಕ ಹಾಕಿಸಿದಳು. ರಾತ್ರಿ ನೂರು ಪಾಲು ಮೇಲೆ ಬಂದರೆ, ಹಗಲು ತೊಂಬತ್ತನಾಲ್ಕು ಪಾಲು ಮರಳಿಗೆ ಮರಳುತ್ತಿತ್ತು. ಆ ಬಂದುಹೋಗುವ ನಡುವಿನ ಹೊತ್ತಿನಲ್ಲಿ ತೇಲುಜೀವಿಗಳು ಉಂಡು ಬೆಳೆಯುತ್ತಿದ್ದವು, ಅವನ್ನು ಎರೆಮೀನು ತಿನ್ನುತ್ತಿತ್ತು. ಊರಿಗೆ ತಾಗಿದ ದಡದಲ್ಲಿ ಮಾತ್ರ, ಕೊಳೆ ವಿಪರೀತ ಇದ್ದಲ್ಲಿ, ನೂರರಲ್ಲಿ ನಲವತ್ತೂ ಮರಳುತ್ತಿರಲಿಲ್ಲ. ಪಾಚಿ ಹುಟ್ಟಿ ಹಬ್ಬಿದ್ದು ಅಲ್ಲಿಂದ. ಬೀಗ ಬೇಕಿದ್ದದ್ದು ಆ ಒಂದು ಕೋಣೆಗೆ. ಅವಳು ಇಡೀ ಮನೆಗೆ ಹಾಕಿದ್ದಳು. ವಿಶಾಲಾಕ್ಷಿ ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ನಾಚಿಕೆಗೆ ಅತ್ತಳೋ, ತಪ್ಪು ಸಿಕ್ಕಿದ ಸಮಾಧಾನಕ್ಕೋ, ಅವಳಿಗೇ ತಿಳಿಯಲಿಲ್ಲ.

ಬೆಳಿಗ್ಗೆ ಕುಡ್ವರಿಗೆ ಎಲ್ಲ ಹೇಳಿದಳು. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

“ಒಂಬತ್ತು ಲಗೂನು ಮೇಡಂ. ನೂಲು ತಯಾರಾಗಿ ಗೋದಾಮಲ್ಲಿ ಕೂತಿದೆ. ಈಗ ‘ನನ್ನದೇ ತಪ್ಪು’ ಅಂತ ನೀವು ಬರೆದು ಕೊಡ್ತೀರಾ?”

“ಬರೆದು ಆಯ್ತು ಸಾರ್. ಸಹಿಯೂ ಹಾಕಿದ್ದೇನೆ.”

“ನೂಲು ನಿಲ್ಲಿಸಿದ ಮೇಲೆ ಪಾಚಿ ಬಂದರೆ? ಹದಿನಾಲ್ಕು ತಿಂಗಳ ಹವಳ ಹೋದರೆ?”

“ಊರಿನ ಕಡೆ ನಿಲ್ಲಿಸುದಿಲ್ಲ. ಉಳಿದ ಕಡೆ ಸಂಜೆಯಿಂದ ಬೆಳಿಗ್ಗೆವರೆಗೆ ಮಾತ್ರ. ಎರಡು ತಿಂಗಳು ಕೊಡಿ. ಹೋದರೆ ನನ್ನ ಹೆಸರು ಹೋಗ್ತದೆ.”

“ಹೆಸರು ಯಾರಿಗೆ ಬೇಕು? ಹವಳ ಹೋಗ್ತದಲ್ಲ!” ಎಂದರು ಕುಡ್ವರು. ಅವರದ್ದು ಸಿಡುಕು ಬಾಯಿ, ಆದರೆ ಮನಸ್ಸು ಸರಿಯಾದ ಜಾಗದಲ್ಲಿತ್ತು. ಅರ್ಧ ದಿನ ಬಿಟ್ಟು ಒಂದೇ ಸಾಲಿನ ಒಪ್ಪಿಗೆ ಕಳಿಸಿದರು.

ಆ ಸಂಜೆ ಸೂರ್ಯ ಮುಳುಗುವಾಗ ವಿಶಾಲಾಕ್ಷಿ ನೂಲಿಗೆ ವಿದ್ಯುತ್ ನಿಲ್ಲಿಸಿದಳು. ಪರದೆಯ ‘ಸೋರಿಕೆ’ಯನ್ನು ಅಳಿಸಿ ‘ಕೊಡುಕೊಳೆ’ ಎಂದು ಬರೆದಳು. ಹದಿನಾಲ್ಕು ತಿಂಗಳು ಅಲುಗದ ಸೊನ್ನೆ ಮೊದಲ ಬಾರಿಗೆ ಮೂರಾಯಿತು, ಏಳಾಯಿತು. ಬೆಳಿಗ್ಗೆ ಬಿಸಿಲೇರಿದ ಮೇಲೆ ಋಣ ಎರಡು, ಋಣ ಐದು ಎಂದು ಇಳಿಯಿತು.

ಆಮೇಲೆ ಕಾಯುವುದು. ಕಾಯುವ ಕೆಲಸಕ್ಕಿಂತ ಕಷ್ಟದ ಸಂಶೋಧನೆ ಇಲ್ಲ. ಮೂರನೆಯ ವಾರ ಹವಳದ ತುದಿಗಳಲ್ಲಿ ಹಸಿರು ನವಿರು ಕಂಡಿತು. ವಿಶಾಲಾಕ್ಷಿಗೆ ಅನ್ನ ಸೇರಲಿಲ್ಲ. ನೂಲನ್ನು ಮತ್ತೆ ಹಚ್ಚಿಬಿಡಲೇ ಎಂದು ಗುಂಡಿಯ ಮೇಲೆ ಬೆರಳಿಟ್ಟು ಕೂತಳು.

“ಮದ್ದು ಬದಲಿಸಿದ ಮೊದಲ ವಾರ ರೋಗಿಗೆ ಮೈ ಬೆಚ್ಚಗಾಗ್ತದೆ,” ಎಂದಳು ಸಾರೋಂಬಿ, ಕೊಠಡಿಗೇ ಗಂಜಿ ತಂದು. “ಅದಕ್ಕೆ ಹೆದರಿ ಹಳೇ ಮದ್ದು ಕೊಡುವವಳು ನರ್ಸಾ? ತಿನ್ನು ಮೊದಲು.”

ಚೆರಿಯಕೋಯ ಜೆಟ್ಟಿಯಲ್ಲಿ ಸಿಕ್ಕಾಗ ನೀರಿಗೆ ಇಣುಕಿ, “ಹುಲ್ಲು ಬಂದ್ರೆ ಮೇಯುವವರೂ ಬರ್ತಾರೆ, ತಡೀರಿ,” ಎಂದ. ಬಂದವು. ದಿಬ್ಬದಾಚೆಯಿಂದ ಗಿಳಿಮೀನುಗಳ ಹಿಂಡು ಬಂದು ಹಸಿರನ್ನು ಕೆರೆದು ಕೆರೆದು ತಿಂದವು. ಹವಳ ಉಳಿಯಿತು.

ಆದರೆ ಸಾರೋಂಬಿಯ ಬಾಗಿಲಿಗೆ ಯಾರೂ ಬರಲಿಲ್ಲ. ಹತ್ತು ದಿನ, ಇಪ್ಪತ್ತು, ನಲವತ್ತು. “ನನಗೆಂತ, ಗೊರಕೆ ಇಲ್ಲದೆ ಚೆಂದ ನಿದ್ದೆ ಬರ್ತದೆ,” ಎನ್ನುತ್ತಿದ್ದಳು, ಊದಿದ ಕಣ್ಣು ಒರೆಸುತ್ತ. ಹೋಗಿ ಕರೆಯಿರಿ ಎಂದರೆ, “ಬರುದು ಅವರ ಕೆಲಸ, ಬಾಗಿಲು ತೆರೆಯುದು ನನ್ನ ಕೆಲಸ. ಪದ್ಧತಿ ಅಂದ್ರೆ ಪದ್ಧತಿ,” ಎನ್ನುವಳು. ಇಂಥ ಹಟಮಾರಿ ಮುದುಕ ಮುದುಕಿಯರನ್ನು ವಿಶಾಲಾಕ್ಷಿ ಎಲ್ಲೂ ಕಂಡಿರಲಿಲ್ಲ. ಅವರ ಮೇಲೆ ಸಿಟ್ಟು ಬರುತ್ತಿತ್ತು, ಅದಕ್ಕಿಂತ ಹೆಚ್ಚು ಪ್ರೀತಿ ಬರುತ್ತಿತ್ತು. ಆ ಬಾಗಿಲಿನ ಕಡೆ ಬರುವ ದಾರಿಯನ್ನು ಮುಚ್ಚಿದ್ದು ತಾನೇ ಎಂಬುದು ಅವಳಿಗೆ ಉಸಿರಾಡುವಾಗಲೂ ಚುಚ್ಚುತ್ತಿತ್ತು.

ನೂಲು ನಿಲ್ಲಿಸಿದ ಐವತ್ತಮೂರನೆಯ ದಿನ ಮಧ್ಯಾಹ್ನ ಇಬ್ಬರೂ ಊಟಕ್ಕೆ ಕೂತಿದ್ದರು. ಜೆಟ್ಟಿಯ ಕಡೆಯಿಂದ ಗದ್ದಲ ಕೇಳಿಸಿತು. ಜನ ಕೂಗುತ್ತಿದ್ದರು, ಯಾರೋ ದೋಣಿಯ ಹಾರನ್ನು ಬಿಡದೆ ಒತ್ತುತ್ತಿದ್ದರು. ಸಾರೋಂಬಿ ಕೈಯಲ್ಲಿದ್ದ ತುತ್ತನ್ನು ಹಿಡಿದುಕೊಂಡೇ ಕೂತಳು.

ಓಣಿಯಲ್ಲಿ ದಡದಡ ಹೆಜ್ಜೆ. ಬಾಗಿಲು ತೆರೆದು ಚೆರಿಯಕೋಯ ಒಳಗೆ ಬಂದ. ನಡುಹಗಲು, ನೆತ್ತಿಯ ಮೇಲೆ ಸೂರ್ಯ, ಓಣಿಯ ಅಷ್ಟೂ ಮನೆಗಳ ಕಿಟಕಿಗಳು ತೆರೆದಿದ್ದವು. ಅಂಗಿಯೆಲ್ಲ ಮೀನಿನ ನೆತ್ತರು, ಗಡ್ಡದ ತುಂಬ ಉಪ್ಪು.

“ಬೆಳಿಗ್ಗೆ ಬಲೆ ಹಾಕಿದ್ದು ಒಂದೇ ಸಲ,” ಎಂದ ಏದುಸಿರು ಬಿಡುತ್ತ. “ತೊಟ್ಟಿ ತುಂಬ ಎರೆ! ಬೆಳ್ಳಿ ಬೆಳ್ಳಿ! ಹೊರಗೆ ಹೋದ್ರೆ ಹಿಂಡು ಕಾಯ್ತಾ ಇತ್ತು. ನಾನೂರ ಹನ್ನೆರಡು ಟ್ಯೂನಾ. ಹುಡುಗರು ಇಳಿಸ್ತಾ ಇದ್ದಾರೆ, ನಾನು ಓಡಿ ಬಂದೆ.”

ಸಾರೋಂಬಿ ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡಳು. “ಇದೆಂತದು, ಹಗಲಿನಲ್ಲಿ? ಕಿಟಕಿಯಲ್ಲಿ ಎಲ್ಲರೂ ನೋಡ್ತಾ ಇದ್ದಾರೆ. ನಾಚಿಕೆ ಇಲ್ವಾ ನಿಮಗೆ?”

“ನಾಚಿಕೆ ಪಟ್ಟು ಎರಡು ತಿಂಗಳು ಕಳೆದೆ. ಸಾಕಾಯ್ತು.” ಅವನು ಚಾಪೆಯ ಮೇಲೆ ಕೂತೇಬಿಟ್ಟ. “ಎಪ್ಪತ್ತೆರಡು ಆಯ್ತು ನನಗೆ. ಇನ್ನು ನಾನು ಹೋಗುದಿಲ್ಲ.”

ಸಾರೋಂಬಿ ಅವನ ಅಂಗಿಯನ್ನೂ ಗಡ್ಡವನ್ನೂ ನೋಡಿದಳು. ಕೆನ್ನೆಯ ಮೇಲೆ ಹರಿದದ್ದನ್ನು ಒರೆಸಿಕೊಳ್ಳಲಿಲ್ಲ. ಎದ್ದು ಒಳಗೆ ಹೋಗಿ ಇನ್ನೊಂದು ಬಟ್ಟಲು ತಂದು ಗಂಡನ ಮುಂದಿಟ್ಟಳು.

ವಿಶಾಲಾಕ್ಷಿ ತನ್ನ ಬಟ್ಟಲನ್ನು ಎತ್ತಿಕೊಂಡು, ಸದ್ದಾಗದಂತೆ ಹೊರಕೋಣೆಗೆ ಬಂದು ಬಾಗಿಲು ಎಳೆದುಕೊಂಡಳು. ಗೋಡೆಯಾಚೆಯಿಂದ ಸಾರೋಂಬಿಯ ಹಳೆಯ ವಾರ್ಡಿನ ದನಿ ಕೇಳಿಸಿತು.

“ಹೋಗದಿದ್ರೆ ಹೋಗ್ಬೇಡಿ. ಮೊದಲು ಕೈ ತೊಳೆದುಕೊಂಡು ಬನ್ನಿ.”